ಹಸಿವೋ ಉಸಿರೋ

ಅಳಿಸಿದ ಮೇಲೂ ಅಲ್ಲೊಂದು ಗೆರೆ ಉಳಿಯುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಬೇರೆಯವರು ಅಳಿಸಿದಾಗ ಆ ಗೆರೆಯನ್ನು ನೋಡಿ, ಏನೋ ಎಡವಟ್ಟು ಮಾಡಿಕೊಂಡಿದೆ ಆಸಾಮಿ ಎಂದು ಒಳಗೊಳಗೇ ನಕ್ಕವನೇ ಅವನು. ತನ್ನದೇ ಗೆರೆಯನ್ನು ನೋಡುವುದು ಬೇರೆ. ಐದು ದಿನದಿಂದ ದಿನಕ್ಕೆ ಹತ್ತು ಸಲವಾದರೂ ಅಲ್ಲಿಗೆ ಹೋಗಿ ಬರುತ್ತಿದ್ದ. ಈಗಲೂ, ಬೆಳಗಿನ ಮೇವು ಹಾಕುವ ಹೊತ್ತಿನಲ್ಲಿ, ಬಕೆಟ್ಟನ್ನು ಕೊಳದ ದಂಡೆಯ ಮೇಲಿಟ್ಟು, ಒದ್ದೆ ಬೆರಳನ್ನು ಅಂಗಿಗೆ ಒರೆಸಿಕೊಂಡು, ಮೀನು ಸಾಕುವವರ ವಾಟ್ಸಾಪ್ ಗುಂಪನ್ನು ತೆರೆದು ಹಿಂದಕ್ಕೆ ಹಿಂದಕ್ಕೆ ಸರಿಸುತ್ತ ಹೋದ. ಯಾರದೋ ಹರಿದ ಬಲೆಯ ಫೋಟೋ, ಯಾರದೋ ಮೊಮ್ಮಗಳ ಹುಟ್ಟುಹಬ್ಬ, ಬಾಲದ ಬಳಿ ಬಿಳಿ ಚುಕ್ಕೆಯಾದ ಮೀನೊಂದು, ಮರಿಗಳು ಎಲ್ಲಿ ಸಿಗುತ್ತವೆಂಬ ಪ್ರಶ್ನೆ, ಅದಕ್ಕೆ ಹದಿನೇಳು ಉತ್ತರ, ಎಲ್ಲ ದಾಟಿದ ಮೇಲೆ ಸೋಮವಾರ. ಮೊದಲು ಇದೇ ಊರಿನ ಟೈಲರ್ ಅಕ್ಕನ ಧ್ವನಿ ಸಂದೇಶ, ಒಂದು ನಿಮಿಷ ಎಂಟು ಸೆಕೆಂಡಿನದು. ಅದರ ಕೆಳಗೆ ಬೂದು ಅಕ್ಷರದಲ್ಲಿ, ಅವನಿಗೆ ನೀವು ಅಳಿಸಿದ್ದೀರಿ ಎಂದು, ಉಳಿದವರಿಗೆಲ್ಲ ‘ಈ ಸಂದೇಶವನ್ನು ಅಳಿಸಲಾಗಿದೆ.’ ಅಳಿಸಲಾಗಿದೆ. ತಾನಾಗಿಯೇ ಅಳಿಸಿಹೋಯಿತೇನೋ ಎಂಬಂಥ ಮಾತು; ಅಷ್ಟು ಸಭ್ಯತೆಗಾಗಿ ಅವನು ಫೋನಿಗೆ ಕೃತಜ್ಞನಾಗಿದ್ದ. ಆದರೆ ಅವರಿಗೆ ಕಾಣುವ ಸಾಲಿನ ತಲೆಯ ಮೇಲೆ ಅವನ ಹೆಸರಿತ್ತು, ಹೆಸರೆಂದರೆ ಗುಂಪಿನವರು ಇಟ್ಟ ಹೆಸರು, ಡಾಕ್ಟರು. ಅದರ ಕೆಳಗೆ ಅವನೇ ಹಾಕಿದ್ದ ಹಸಿರು ಗುರುತು. ತನ್ನ ಧ್ವನಿಯನ್ನು ಅಳಿಸುವ ಗಡಿಬಿಡಿಯಲ್ಲಿ ಗುರುತನ್ನು ಮರೆತಿದ್ದ. ಆಮೇಲೆ ಅದನ್ನೂ ಅಳಿಸಲು ಹೋಗಿ, ಒಂದರ ಕೆಳಗೊಂದು ಎರಡು ಬೂದು ಗೆರೆಯಾದರೆ ಇನ್ನಷ್ಟು ಕಣ್ಣಿಗೆ ಬೀಳುತ್ತದೆಂದು ಹೆದರಿ ಕೈ ಹಿಂದೆಗೆದಿದ್ದ. ಅಕ್ಕನ ಒಂದು ನಿಮಿಷ ಎಂಟು ಸೆಕೆಂಡನ್ನು ಮಾತ್ರ ಈವರೆಗೂ ಪೂರ್ತಿ ಕೇಳಿರಲಿಲ್ಲ.

ಡಾಕ್ಟರು ಎಂಬುದು ಅವನ ಓದಿಗೆ ಬಂದ ಹೆಸರಲ್ಲ. ಪ್ರಾಣಿಗಳ ಆಸ್ಪತ್ರೆಯಲ್ಲಿ ಇಪ್ಪತ್ತಾರು ವರ್ಷ ಚೀಟಿ ಬರೆದುಕೊಡುವ ಕಿಟಕಿಯ ಹಿಂದೆ ಕೂತಿದ್ದವನು ಅವನು. ಯಾವ ಪ್ರಾಣಿ, ಎಷ್ಟು ವಯಸ್ಸು, ಏನು ತೊಂದರೆ, ಮುಂದಿನವರು ಬನ್ನಿ. ನಿವೃತ್ತನಾದ ಮೇಲೆ ಮನೆಯ ಹಿಂದೆ ಎರಡು ಕೊಳ ತೋಡಿಸಿ ಮೀನು ಬಿಟ್ಟ; ಮೀನಿನ ಜೊತೆ ಫೋನೂ ಬಂತು, ಫೋನಿನ ಜೊತೆ ಗುಂಪು. ಇನ್ನೂರು ಚಿಲ್ಲರೆ ಜನ, ಎಲ್ಲರೂ ಅವನಂತೆಯೇ ಒಂದೋ ಎರಡೋ ಸಣ್ಣ ಕೊಳದವರು, ಕೇಳಲು ಬೇರೆ ಯಾರೂ ಇಲ್ಲದವರು. ಯಾರಾದರೂ ಏನಾದರೂ ಕೇಳಿದರೆ ಹತ್ತು ಮಂದಿ ಹತ್ತು ಉತ್ತರ ಕೊಟ್ಟು ಕೇಳಿದವರ ತಲೆ ಕೆಡಿಸುತ್ತಿದ್ದರು. ಅದಕ್ಕೆ ಅವನೇ ಒಂದು ನಿಯಮ ಮಾಡಿದ. ಸರಿಯಾದ ಉತ್ತರ ಬಂದ ಮೇಲೆ ತಾನು ಹಸಿರು ಗುರುತು ಹಾಕುತ್ತೇನೆ, ಹಾಕಿದ ಮೇಲೆ ಆ ಪ್ರಶ್ನೆ ಮುಗಿಯಿತು, ಮತ್ಯಾರೂ ಬಾಯಿ ಹಾಕಬಾರದು. ಜನ ಒಪ್ಪಿದರು. ಒಪ್ಪಿದ್ದಷ್ಟೇ ಅಲ್ಲ, ಖುಷಿಪಟ್ಟರು. ಕ್ರಮೇಣ ಸರಿಯಾದ ಉತ್ತರವೂ ಅವನದೇ, ಹಸಿರೂ ಅವನದೇ ಆಗಿಹೋಯಿತು. ‘ಡಾಕ್ಟರೇ, ಚಹಾ ಆರ್ತಾ ಇದೆ, ಇದಕ್ಕೇನಾದ್ರೂ ಔಷಧಿ ಉಂಟಾ?’ ಎಂದು ಹೆಂಡತಿ ಅಡುಗೆಮನೆಯಿಂದ ಕೂಗಿದಾಗ ಅವನು ಸಿಡುಕಿದಂತೆ ಮಾಡುತ್ತಿದ್ದ. ಒಳಗೆ ಮಾತ್ರ ಸವಿಯಾಗಿರುತ್ತಿತ್ತು. ಅವನ ಪಾಠಗಳಲ್ಲೆಲ್ಲ ಹೆಸರಾದದ್ದು ಚಪ್ಪಾಳೆಯ ಪಾಠ. ಬೆಳಿಗ್ಗೆ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ದಂಡೆಯಲ್ಲಿ ನಿಂತು ಚಪ್ಪಾಳೆ ತಟ್ಟಿ. ಬೆಚ್ಚಿ ಮುಳುಗಿದರೆ ಹಸಿವು, ಮೇವು ಹಾಕಿ. ಮುಳುಗದೆ ಅಲ್ಲೇ ಬಾಯಿ ಬಿಡುತ್ತಿದ್ದರೆ ಉಸಿರು. ನೀರಿನಲ್ಲಿ ಗಾಳಿ ಮುಗಿದಿದೆ, ಮೇವು ಮುಟ್ಟಬೇಡಿ, ತಕ್ಷಣ ಹೊಸ ನೀರು ಬಿಡಿ. ಹಸಿವೋ ಉಸಿರೋ, ಚಪ್ಪಾಳೆ ಹೇಳುತ್ತದೆ. ಈ ಕೊನೆಯ ಸಾಲನ್ನು ಹೊಂದಿಸಲು ಅವನು ಒಂದು ಮಧ್ಯಾಹ್ನವನ್ನೇ ಕಳೆದಿದ್ದ.

ಸೋಮವಾರ ಬೆಳಿಗ್ಗೆ ಐದೂಮುಕ್ಕಾಲಿಗೆ ಅವನು ಇನ್ನೂ ಹಾಸಿಗೆಯಲ್ಲಿದ್ದ, ಕನ್ನಡಕವಿಲ್ಲದೆ, ಒಂದು ಕಣ್ಣು ಮುಚ್ಚಿಕೊಂಡು. ಎಲ್ಲರಿಗಿಂತ ಮೊದಲು ಉತ್ತರ ಕೊಡುವುದರಲ್ಲಿ ಒಂದು ಸುಖವಿತ್ತು. ಪಕ್ಕದಲ್ಲಿ ಮಲಗಿದ ಹೆಂಡತಿಗೂ ಹೇಳಿಕೊಳ್ಳಲಾಗದಷ್ಟು ಚಿಕ್ಕ, ಚಿಲ್ಲರೆ ಸುಖ. ಟೈಲರ್ ಅಕ್ಕನ ಹೆಸರು ಕಂಡಾಗ ಮನಸ್ಸು ಸ್ವಲ್ಪ ಕಹಿಯಾಯಿತು. ಆಕೆ ಬರೆಯುವವಳಲ್ಲ, ಮಾತಾಡುವವಳು, ಅದೂ ನೆಂಟರ ಮನೆಗೆ ಬಂದು ಚಪ್ಪಲಿ ಬಿಟ್ಟು ಕೂತು ಮಾತಾಡಿದಂತೆ. ಚೆನ್ನಾಗಿದೀರಾ ಅಣ್ಣ, ಮನೇಲಿ ಅಕ್ಕ ಹುಷಾರಾಗಿದಾರಾ, ಮೊನ್ನೆ ಮಂಡಿ ನೋವು ಅಂದಿದ್ರು. ಅಷ್ಟಾಗುವಾಗ ಹದಿನೈದು ಸೆಕೆಂಡು. ಅವನು ವೇಗವನ್ನು ಎರಡಕ್ಕೆ ಏರಿಸಿದ. ಅಕ್ಕನ ಧ್ವನಿ ತೆಳ್ಳಗಾಗಿ, ಚಿಲಿಪಿಲಿಯಾಗಿ, ಮಂಡಿ ನೋವನ್ನೂ ನಿನ್ನೆಯ ಮೋಡವನ್ನೂ ಒಂದೇ ಉಸಿರಿಗೆ ದಾಟಿ, ‘ಮೀನೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡ್ತಾ ಇವೆ ಅಣ್ಣ’ ಎಂಬಲ್ಲಿಗೆ ಬಂತು. ಬಾಯಿ ಬಾಯಿ ಬಿಡುತ್ತಿವೆ. ಊಟ ಕಾಣದ ಮಕ್ಕಳ ಬಗ್ಗೆ ಅವನ ತಾಯಿ ಹಾಗೆ ಹೇಳುತ್ತಿದ್ದಳು. ಅವನು ಅಲ್ಲಿಗೇ ನಿಲ್ಲಿಸಿ, ಬೆರಳೊತ್ತಿ, ‘ಹಸಿವು ಅಕ್ಕಾ. ಮೇವು ಹಾಕಿ. ಏನೂ ಆಗಲ್ಲ, ಚಿಂತೆ ಬೇಡ’ ಎಂದ. ಆರು ಸೆಕೆಂಡು. ಹಸಿರು ಗುರುತು ಒತ್ತಿದ. ಮುಂದಿನವರು. ಹಿಂದೊಮ್ಮೆ ಆಸ್ಪತ್ರೆಯ ಕಿಟಕಿಯ ಹೊರಗೆ ಒಬ್ಬ ಮುದುಕ ಬುಟ್ಟಿಯಲ್ಲಿ ಮೇಕೆಮರಿ ಇಟ್ಟುಕೊಂಡು ನಿಂತಿದ್ದ. ಇವನು ಏನು ತೊಂದರೆ ಎಂದು ಕೇಳಿದ, ಮುದುಕ ಮೊದಲಿನಿಂದ ಹೇಳಲು ಶುರುಮಾಡಿದ, ನಿನ್ನೆ ಬೆಳಿಗ್ಗೆ ಚೆನ್ನಾಗೇ ಇತ್ತು ಸ್ವಾಮಿ, ನನ್ನ ಮಗಳು ಸೊಪ್ಪು ತಂದು... ಹೊಟ್ಟೆನೋವು ಎಂದು ಬರೆದು ಚೀಟಿ ತಳ್ಳಿ ಮುಂದಿನವರು ಎಂದಿದ್ದ. ಆ ಮರಿ ಬದುಕಿತೋ ಇಲ್ಲವೋ ಅವನಿಗೆ ಗೊತ್ತಿಲ್ಲ, ಆಗ ಕೇಳಬೇಕೆಂದು ಅನ್ನಿಸಿಯೂ ಇರಲಿಲ್ಲ.

ಒಂಬತ್ತು ಗಂಟೆಗೆ ಫೋಟೋ ಬಂದವು. ಮಾತಿಲ್ಲ, ಬರೀ ಫೋಟೋ. ಸಣ್ಣ ಕೊಳದ ತುಂಬ ಹೊಟ್ಟೆ ಮೇಲಾಗಿ ತೇಲುತ್ತಿದ್ದ ಮೀನು, ಅವುಗಳ ನಡುವೆ ಅಲ್ಲಲ್ಲಿ ಯಾರೂ ತಿನ್ನದೆ ಉಬ್ಬಿದ ಮೇವಿನ ಕಾಳು. ಆ ಕಾಳುಗಳನ್ನು ಕಂಡದ್ದೇ ಅವನ ಮೈ ಹಿಡಿಯಷ್ಟಾಯಿತು. ಯೋಚಿಸುವ ಮೊದಲೇ ಬೆರಳು ಮೇಲಕ್ಕೆ ಓಡಿತ್ತು, ತನ್ನ ಆರು ಸೆಕೆಂಡನ್ನು ಹಿಡಿದು ಎಲ್ಲರಿಂದಲೂ ಅಳಿಸಿತ್ತು. ಅಷ್ಟು ಮಾಡಿ ಸುಮ್ಮನಿದ್ದರೂ ಆಗುತ್ತಿತ್ತು. ಗುಂಪಿನಲ್ಲಿ ಅಯ್ಯೋ ಪಾಪಗಳು ಬೀಳತೊಡಗಿದವು, ಒಬ್ಬ ‘ಡಾಕ್ಟರೇ, ಯಾಕೆ ಹೀಗಾಯ್ತು ಹೇಳಿ’ ಎಂದ, ಮತ್ತೊಬ್ಬ ‘ಏನೇ ಮಾಡೋಕೆ ಮುಂಚೆ ಕೇಳಿ ಮಾಡ್ಬೇಕಲ್ಲಕ್ಕಾ’ ಎಂದು ಆಕೆಗೆ ಬುದ್ಧಿ ಹೇಳಿದ. ಅವನು ಕನ್ನಡಕ ಹಾಕಿಕೊಂಡು, ಗಂಟಲು ಸರಿಮಾಡಿಕೊಂಡು, ಎರಡು ನಿಮಿಷದ ಪಾಠ ಮಾಡಿದ. ನೋಡಿ, ಮೋಡದ ಮರುದಿನ ಬೆಳಿಗ್ಗೆ ಮೀನು ಮೇಲೆ ಬಂದರೆ ಮೇವು ಹಾಕಲೇಬಾರದು, ನಾನು ಎಷ್ಟು ಸಲ ಹೇಳಿದ್ದೇನೆ, ಚಪ್ಪಾಳೆ ತಟ್ಟಿ ನೋಡಬೇಕು, ಗಾಬರಿಯಲ್ಲಿ ಇಂಥ ತಪ್ಪು ಆಗಿಬಿಡುತ್ತದೆ. ಆ ಮಾತಾಡುವಾಗ ತನ್ನ ದನಿಯಲ್ಲಿ ನಿಜವಾದ ಮರುಕವಿತ್ತೆಂದು ಅವನಿಗೆ ನೆನಪಿದೆ. ಅದೇ ಈಗ ಹೆಚ್ಚು ಹೇಸಿಗೆ. ಅಕ್ಕ ಮೊದಲ ಸಲ ಬರೆದು ಉತ್ತರಿಸಿದಳು. ‘ಸರಿ ಅಣ್ಣ.’ ಮುಂದೆ ಒಂದು ಜೊತೆ ಮುಗಿದ ಕೈ. ಯಾರು ಹೇಳಿ ಮೇವು ಹಾಕಿದೆ ಎಂಬುದನ್ನು ಆಕೆ ಅಂದೂ ಬರೆಯಲಿಲ್ಲ, ಆಮೇಲೂ ಬರೆಯಲಿಲ್ಲ.

ಬಕೆಟ್ ಎತ್ತಿಕೊಂಡು ಮೇವು ಎರಚಿದ. ನೀರು ಕುದಿದಂತೆ ಮೀನು ಮೇಲೆದ್ದವು. ಅವುಗಳ ದುಂಡು ಬಾಯಿಗಳನ್ನು ನೋಡಲಾಗದೆ ಅವನು ಬೇಲಿಯ ಕಡೆ ತಿರುಗಿ ನಿಂತೇ ಎರಚಿದ. ಗೇಟಿನ ಹೊರಗೆ ಐಸ್ ಗಾಡಿಯ ಹಾರನ್ ಕೇಳಿಸಿತು. ಐಸ್ ಗಾಡಿಯವನು ವಾರಕ್ಕೊಮ್ಮೆ ಬಂದು, ಹಿಡಿದಿಟ್ಟ ಮೀನನ್ನು ಪೇಟೆಗೆ ಒಯ್ಯುವವನು; ಊರೂರು ಕೊಳ ಸುತ್ತುವವನಾದ್ದರಿಂದ ಗುಂಪಿನಲ್ಲಿ ಅವನೂ ಒಬ್ಬ. ಪೆಟ್ಟಿಗೆಗಳನ್ನು ಇಳಿಸಿ, ಮಂಜುಗಡ್ಡೆ ಪುಡಿಮಾಡಿ, ಮೀನಿನ ಮೇಲೆ ಹರಡುತ್ತ, ಎಂದಿನಂತೆ ಹಾಡು ಗುನುಗದೆ ಸುಮ್ಮನಿದ್ದ. ಕೊನೆಗೆ ಕೈ ಒರೆಸಿಕೊಂಡು ಫೋನ್ ತೆಗೆದ.

‘ಡಾಕ್ಟ್ರೇ, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬಾರ್ದು.’

‘ಕೇಳಪ್ಪ.’

‘ಇದು ಬೇರೆ ಗುಂಪಲ್ಲಿ ಬಂತು. ನಿಮ್ಮ ದನಿ ಥರ ಇದೆ.’

ಹಲವು ಬಾರಿ ಫಾರ್ವರ್ಡ್ ಮಾಡಲಾಗಿದೆ ಎಂದು ಮೇಲೆ ಬರೆದಿತ್ತು. ಕೆಳಗೆ ಯಾರೋ ಸೇರಿಸಿದ್ದರು, ‘ಮೀನು ಬಾಯಿ ಬಿಟ್ಟರೆ ಏನು ಮಾಡಬೇಕು? ಅನುಭವಿ ಡಾಕ್ಟರ ಸಲಹೆ. ಎಲ್ಲರಿಗೂ ಕಳಿಸಿ.’ ಐಸ್ ಗಾಡಿಯವನು ಒತ್ತಿದ. ಹಸಿವು ಅಕ್ಕಾ. ಮೇವು ಹಾಕಿ. ಏನೂ ಆಗಲ್ಲ, ಚಿಂತೆ ಬೇಡ. ಅಷ್ಟು ಆತ್ಮೀಯವಾದ, ಅಷ್ಟು ಭರವಸೆಯ ಧ್ವನಿ. ಅಳಿಸಿದ ಮೇಲೂ ಅದು ಎಲ್ಲೆಲ್ಲೋ ತಿರುಗಾಡಿ, ಪರಿಚಯವಿಲ್ಲದವರ ಮನೆ ಹೊಕ್ಕು, ಮೈ ತುಂಬಿಕೊಂಡು ಮರಳಿ ಬಂದಿತ್ತು. ಅವನ ನಾಲಿಗೆ ತನ್ನಷ್ಟಕ್ಕೆ ತಾನೇ ಓಡಿತು.

‘ಥರ ಇದೆ, ಹೌದು. ಈಗೆಲ್ಲ ಕಂಪ್ಯೂಟರಲ್ಲಿ ಯಾರ ದನಿ ಬೇಕಾದ್ರೂ ಮಾಡ್ತಾರಂತೆ.’

ಐಸ್ ಗಾಡಿಯವನು ಇನ್ನೊಮ್ಮೆ ಒತ್ತಿ ಕಿವಿಯ ಹತ್ತಿರ ಹಿಡಿದ. ‘ಹಿಂದೆ ಯಾರೋ ಆಕಳಿಸ್ತಾರೆ ಕೇಳಿ. ಬೆಳಗಾಗಿಲ್ಲ ಆಗ್ಲೇ ಶುರುವಾಯ್ತಾ ಅಂತಾರೆ. ನಿಮ್ಮನೆ ಅಕ್ಕನ ಥರಾನೇ. ಆಕಳಿಕೆನೂ ಮಾಡುತ್ತಾ ಕಂಪ್ಯೂಟರು?’ ನಗುತ್ತ ತಲೆಯೆತ್ತಿದವನು ಇವನ ಮುಖ ನೋಡಿ ನಗುವನ್ನು ಅಲ್ಲೇ ಬಿಟ್ಟ. ಬಗ್ಗಿ, ಆಗಲೇ ಮುಚ್ಚಿದ್ದ ಪೆಟ್ಟಿಗೆಯ ಮುಚ್ಚಳವನ್ನು ಮತ್ತೊಮ್ಮೆ ತೆರೆದು ಮುಚ್ಚಿದ. ‘ಇರ್ಬಹುದು ಬಿಡಿ. ಈಗಿನ ಕಾಲದಲ್ಲಿ ಏನು ಬೇಕಾದ್ರೂ ಮಾಡ್ತಾರೆ,’ ಎಂದ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವನು ಇವನ ಮಾನ ಉಳಿಸಲು ಪೆಟ್ಟಿಗೆಯ ಮುಚ್ಚಳದ ಜೊತೆ ಒದ್ದಾಡುತ್ತಿದ್ದುದನ್ನು ನೋಡುತ್ತ ಇವನಿಗೆ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಗಾಡಿ ಹತ್ತಿದ ಮೇಲೆ ಐಸ್ ಗಾಡಿಯವನು, ರಸ್ತೆಯನ್ನೇ ನೋಡುತ್ತ, ‘ಸೋಮವಾರ ನಾನು ಟೈಪ್ ಮಾಡ್ತಾ ಇದ್ದೆ ಡಾಕ್ಟ್ರೇ. ಅಕ್ಕಾ ನೀರು ಬಿಡಿ ಅಂತ. ಅಷ್ಟರಲ್ಲಿ ನಿಮ್ಮ ಹಸಿರು ಬಿತ್ತು, ಬಿಟ್ಟೆ,’ ಎಂದ. ಆಮೇಲೆ ಆಕಾಶದ ಕಡೆ ಗಲ್ಲ ತೋರಿಸಿ, ‘ಇವತ್ತೂ ದಿನವಿಡೀ ಮೋಡವಂತೆ. ನಾಳೆ ಬೆಳಿಗ್ಗೆ ಎಲ್ಲರ ಕೊಳದಲ್ಲೂ ಬಾಯಿ ಬಿಡ್ತವೆ,’ ಎಂದು ಸೇರಿಸಿ ಹೊರಟ.

ಮನೆಯೊಳಗೆ ಬಂದು ಕುರ್ಚಿಯಲ್ಲಿ ಕೂತ. ನಾಳೆ ಬೆಳಿಗ್ಗೆ. ಯಾವ ಊರೋ ಏನೋ, ಯಾರೋ ಒಬ್ಬ ಅರೆನಿದ್ದೆಯಲ್ಲಿ ದಂಡೆಗೆ ಬಂದು, ಮೀನು ಬಾಯಿ ಬಿಡುವುದನ್ನು ಕಂಡು, ಫೋನು ತೆಗೆದು, ಡಾಕ್ಟರು ಹೇಳಿದ್ದಾರಲ್ಲ ಎಂದು ಮೇವಿನ ಚೀಲ ಬಿಚ್ಚುತ್ತಾನೆ. ಒಂದು ಮಾತು ಹೇಳಿದರೆ ಮುಗಿಯಿತು. ಆ ಧ್ವನಿ ನನ್ನದು, ಅದು ತಪ್ಪು. ಗುಂಪಿನಲ್ಲಿರುವ ಇನ್ನೂರು ಜನ ತಮ್ಮ ತಮ್ಮ ಬೇರೆ ಗುಂಪುಗಳಿಗೆ ಕಳಿಸುತ್ತಾರೆ, ಸಂಜೆಯೊಳಗೆ ಎಲ್ಲ ಕಡೆ ಮುಟ್ಟುತ್ತದೆ. ಆದರೆ ಅದನ್ನು ಹೇಳಿದ ಮೇಲೆ ಅಳಿಸಿದ್ದನ್ನು ಹೇಳಬೇಕು. ಅಳಿಸಿದ್ದನ್ನು ಹೇಳಿದ ಮೇಲೆ ಎರಡು ನಿಮಿಷದ ಪಾಠದ ಬಗ್ಗೆ ಹೇಳಬೇಕು. ಒಂದು ಗುಂಡಿ ಬಿಚ್ಚಿದರೆ ಪೂರ್ತಿ ಅಂಗಿಯೇ ಬಿಚ್ಚಬೇಕಾಗುತ್ತದೆಂದು ಅವನು ಐದು ದಿನದಿಂದ ಮೊದಲ ಗುಂಡಿಯನ್ನೇ ಹಿಡಿದುಕೊಂಡು ಕೂತಿದ್ದ. ಯಾರಾದರೂ ಬೇರೆಯವರು ಹೇಳಿಬಿಡಲಿ ಎಂದು ಆಸೆಪಟ್ಟ. ಟೈಲರ್ ಅಕ್ಕನೇ ಜಗಳ ತೆಗೆಯಲಿ, ನಾಲ್ಕು ಜನರ ಮುಂದೆ ಮುಖಕ್ಕೆ ಉಗಿಯಲಿ. ಹಾಗಾದರೆ ತಲೆ ತಗ್ಗಿಸಿ ನಿಲ್ಲುವುದಷ್ಟೇ ತನ್ನ ಕೆಲಸ; ಅದು ಅವನಿಗೆ ಬರುತ್ತಿತ್ತು.

‘ನಿಮ್ಮ ಪ್ಯಾಂಟ್ ಟೈಲರ್ ಹತ್ರ ಬಿದ್ದು ಹತ್ತು ದಿನ ಆಯ್ತು,’ ಎಂದಳು ಹೆಂಡತಿ, ಒದ್ದೆ ಬಟ್ಟೆ ಕೊಡವುತ್ತ. ‘ಹೋಗಿ ತಗೊಂಡು ಬನ್ನಿ.’

‘ನೀನೇ ಹೋಗಿ ಬಾ.’

‘ಸೊಂಟ ನನ್ದಾ? ಹಾಕಿ ನೋಡ್ಬೇಕು ಅಂದಿದಾಳೆ.’ ಅವಳು ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು ಹತ್ತಿರ ಬಂದಳು. ‘ಏನಾಗಿದೆ ರೀ ನಿಮಗೆ? ಐದು ದಿನದಿಂದ ನೋಡ್ತಾ ಇದೀನಿ. ಊಟ ಸೇರ್ತಿಲ್ಲ, ಪೀಡೆ ಹಿಡಿದವರ ಥರ ಫೋನ್ ನೋಡ್ತೀರಿ, ಬದಿಗಿಡ್ತೀರಿ. ಏನಿದ್ರೂ ಬಾಯಿ ಬಿಟ್ಟು ಹೇಳ್ಬೇಕಪ್ಪ.’

ಅವನು ಚಪ್ಪಲಿ ಹಾಕಿಕೊಂಡು ಹೊರಟ. ಬಾಯಿ ಬಿಟ್ಟು. ರಸ್ತೆಯಲ್ಲಿ ನೆರಳೇ ಇರಲಿಲ್ಲ, ಮೋಡ ಎಲ್ಲವನ್ನೂ ಒಂದೇ ಬಣ್ಣ ಮಾಡಿತ್ತು. ಬಾಗಿಲು ಅರ್ಧ ತೆರೆದ ಹಾರ್ಡ್‌ವೇರ್ ಅಂಗಡಿ, ಅದರ ಮುಂದೆ ಸುರುಳಿ ಸುತ್ತಿಟ್ಟ ಹಸಿರು ಪೈಪು. ಸೈಕಲ್ ರಿಪೇರಿಯವನು ಟ್ಯೂಬನ್ನು ನೀರಿನ ತಟ್ಟೆಯಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದ. ‘ಏನ್ ಡಾಕ್ಟ್ರೇ, ಮೀನೆಲ್ಲ ಹುಷಾರಾ?’ ಎಂದು ಅವನು ಕೇಳಿದ್ದಕ್ಕೆ ಇವನು ಹಲ್ಲು ಕಿರಿದು ಕೈಯೆತ್ತಿದ. ಮುಂದಿನ ತಿರುವಿನಲ್ಲಿ ಒಂದು ಯೋಚನೆ ಬಂತು: ಹೊಲಿಗೆ ಮುಗಿದಿರದಿದ್ದರೆ ಒಳಗೆ ಹೋಗುವುದೇ ಬೇಡ, ಹೊಸ್ತಿಲಲ್ಲೇ ನಿಂತು ಕೇಳಿ ಬಂದುಬಿಡಬಹುದು. ಪ್ಯಾಂಟ್ ಸಿದ್ಧವಾಗದಿರಲಿ ಎಂದು ಅವನು ಮನಸಾರೆ ಬೇಡಿಕೊಂಡ. ಅರವತ್ತೆರಡು ವರ್ಷದ ಮನುಷ್ಯ, ನಡುರಸ್ತೆಯಲ್ಲಿ, ಒಂದು ಪ್ಯಾಂಟಿನ ವಿಷಯಕ್ಕೆ.

ಸಿದ್ಧವಾಗಿತ್ತು. ಅಕ್ಕ ಅವನಿಗಿಂತ ಹದಿನೈದು ವರ್ಷ ಚಿಕ್ಕವಳು, ಅಕ್ಕ ಎನ್ನುವುದು ಗುಂಪಿನ ರೂಢಿ. ಮಿಷನ್ನಿನ ಮುಂದೆ ಕೂತು, ಬಾಯಲ್ಲಿ ಎರಡು ಗುಂಡುಸೂಜಿ ಕಚ್ಚಿಕೊಂಡಿದ್ದವಳು ಅವನನ್ನು ಕಂಡು ಸೂಜಿಗಳನ್ನು ತೆಗೆದು ತೋಳಿನ ಪಟ್ಟಿಗೆ ಸಿಕ್ಕಿಸಿಕೊಂಡಳು. ‘ಬನ್ನಿ ಅಣ್ಣ. ಅಕ್ಕನ ಮಂಡಿ ಹೇಗಿದೆ?’ ಅಂಗಡಿಯ ಹಿಂಬಾಗಿಲು ತೆರೆದಿತ್ತು. ಅದರಾಚೆ ಕೊಳ, ಆರು ಮಂಚ ಹಿಡಿಸುವಷ್ಟು ಗುಂಡಿ, ಈಗ ನೀರು ಬಸಿದು, ತಳಕ್ಕೆ ಸುಣ್ಣ ಚೆಲ್ಲಿ, ಬೆಳ್ಳಗೆ ಬಾಯಿ ತೆರೆದುಕೊಂಡು ಬಿದ್ದಿತ್ತು. ಅವನು ಆ ಕಡೆ ನೋಡಲಿಲ್ಲ. ಪ್ಯಾಂಟ್ ತೆಗೆದುಕೊಂಡು ಮೂಲೆಯ ಪರದೆಯ ಹಿಂದೆ ಹೋದ. ಅಲ್ಲೊಂದು ಉದ್ದ ಕನ್ನಡಿ, ಕನ್ನಡಿಯಲ್ಲಿ ಒಳಚಡ್ಡಿಯ ಒಬ್ಬ ಮುದುಕ, ಸಣ್ಣ ಕಾಲು, ಮುಂದೆ ಬಂದ ಹೊಟ್ಟೆ. ಇವನೇ ಡಾಕ್ಟರು.

‘ಸೊಂಟ ಸರಿ ಬಂತಾ ಅಣ್ಣ?’ ಪರದೆಯಾಚೆಯಿಂದ ಕೇಳಿದಳು.

‘ಬಂತು.’

‘ಎರಡಿಂಚು ಬಿಟ್ಟಿದೀನಿ. ಒಳಗೆ ಬಟ್ಟೆ ಇತ್ತು, ಪುಣ್ಯ. ಕಾಲಿನ ಅಂಚು ನೋಡ್ಬೇಕು, ಹಾಕ್ಕೊಂಡೇ ಬನ್ನಿ.’

‘ಅಕ್ಕಾ,’ ಎಂದ.

‘ಹೇಳಿ.’

‘ಏನಿಲ್ಲ. ಗುಂಡಿ ಹಾಕ್ತಾ ಇದೀನಿ.’

ಮಿಷನ್ ಸ್ವಲ್ಪ ಓಡಿ ನಿಂತಿತು. ಅವನು ಎರಡು ಕೈಯಲ್ಲೂ ಪ್ಯಾಂಟಿನ ಸೊಂಟ ಹಿಡಿದುಕೊಂಡು ಕನ್ನಡಿಯ ಮುಂದೆ ನಿಂತೇ ಇದ್ದ. ಆಕೆಯ ಧ್ವನಿ ಮತ್ತೆ ಬಂದಾಗ ಅದರಲ್ಲಿ ಸಿಟ್ಟಿರಲಿಲ್ಲ, ಅಳತೆ ಹೇಳುವಷ್ಟು ಸಹಜವಾಗಿತ್ತು.

‘ನಾನು ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ ಅಣ್ಣ. ನೀವೇ ಬಿಡ್ತೀರಿ ಅಂತ ಸುಮ್ನಿದ್ದೆ.’

ಗುಂಡಿ ಕೈಗೆ ಸಿಗಲಿಲ್ಲ. ಎರಡು ಸಲ ತಪ್ಪಿ ಮೂರನೆಯ ಸಲ ಸಿಕ್ಕಿತು. ಹೊರಗೆ ಬಂದು ಆಕೆಯ ಮುಂದೆ ನಿಂತ, ಅಂಚು ಮಡಿಸದ ಕಾಲುಗಳು ನೆಲದ ಮೇಲೆ ಎಳೆಯುತ್ತಿದ್ದವು. ಫೋನು ತೆಗೆದು ‘ಅದು ಎಲ್ಲ ಕಡೆ ಹೋಗಿದೆ ಅಕ್ಕಾ’ ಎಂದ, ದೂರು ಕೊಡುವವನ ಹಾಗೆ. ಆಕೆಗೆ ಗೊತ್ತಿತ್ತು. ‘ನನ್ನ ತಂಗಿಗೆ ಕಳಿಸಿದ್ದು ನಾನೇ. ಅವಳಿಗೂ ಒಂದು ಕೊಳ ಇದೆಯಲ್ಲ. ನೀವು ಹೇಳಿದ ತಕ್ಷಣ ಕಳಿಸಿದ್ದೆ, ಅವಳು ಅಲ್ಲಿನ ಗುಂಪಿಗೆ ಹಾಕಿದಾಳೆ. ಆಮೇಲೆ ಹಾಕ್ಬೇಡಿ, ಅದು ತಪ್ಪು, ಅಂತ ನಾನು ಹೇಳಿದೆ. ನನ್ನ ಮಾತು ಯಾರು ಕೇಳ್ತಾರೆ ಅಣ್ಣ? ಡಾಕ್ಟರೇ ಹೇಳಿದಾರೆ, ನಿಮಗೇನು ಗೊತ್ತು ಅಂತಾರೆ.’ ಆಕೆ ಮಂಡಿಯೂರಿ ಕೂತು, ಅವನ ಕಾಲಿನ ಅಂಚನ್ನು ಮಡಿಸಿ, ತೋಳಿನಿಂದ ಸೂಜಿ ತೆಗೆದು ಚುಚ್ಚಿದಳು. ತನ್ನ ಕಾಲ ಬಳಿ ಬಗ್ಗಿದ ಆ ತಲೆಯನ್ನು ನೋಡಿ ಅವನಿಗೆ ಕಾಲು ಹಿಂದಕ್ಕೆಳೆದುಕೊಳ್ಳಬೇಕೆನ್ನಿಸಿತು. ‘ಅಲ್ಲಾಡ್ಬೇಡಿ,’ ಎಂದಳು.

ಸೂಜಿ ಚುಚ್ಚಿದ ಪ್ಯಾಂಟಿನಲ್ಲೇ ಹಿಂಬಾಗಿಲಿಗೆ ಹೋಗಿ, ಖಾಲಿ ಕೊಳದ ದಂಡೆಯಲ್ಲಿ ನಿಂತು, ಬೆರಳೊತ್ತಿ ಮಾತಾಡಿದ. ಎಲ್ಲರಿಗೂ ನಮಸ್ಕಾರ. ಸೋಮವಾರ ಬೆಳಿಗ್ಗೆ ಒಂದು ತಪ್ಪು ಸಲಹೆ ಹೋಗಿತ್ತು. ಅದರಿಂದ ನಮ್ಮ ಟೈಲರ್ ಅಕ್ಕನಿಗೆ ಬಹಳ ನಷ್ಟ ಆಯ್ತು. ಆ ಧ್ವನಿ ಬೇರೆ ಕಡೆ ಹರಡಿದೆ ಅಂತ ತಿಳಿದು ಬಂದಿದೆ. ಯಾರೂ ನಂಬಬೇಡಿ, ತಪ್ಪಾಯ್ತು. ಕಳಿಸುವ ಮೊದಲು ಒಳಗೆ ಬಂದು ಆಕೆಗೆ ಕೇಳಿಸಿದ. ಒಳ್ಳೆಯ ಅಂಕ ಕಾಯುವವನ ಹಾಗೆ ನಿಂತಿದ್ದೇನೆಂದು ಅವನಿಗೇ ನಾಚಿಕೆಯಾಯಿತು. ಆಕೆ ಮಿಷನ್ನಿನ ಚಕ್ರದ ಮೇಲೆ ಕೈಯಿಟ್ಟು, ಹೊಲಿಗೆ ಪರೀಕ್ಷಿಸುವವಳಂತೆ ತಲೆ ಒಂದು ಕಡೆ ವಾಲಿಸಿ, ಕೊನೆಯವರೆಗೂ ಕೇಳಿದಳು.

‘ಹೋಗಿತ್ತು ಅಂದ್ರಿ. ಆಯ್ತು ಅಂದ್ರಿ. ತಿಳಿದು ಬಂದಿದೆ ಅಂದ್ರಿ,’ ಎಂದಳು. ‘ಯಾರು ಅಣ್ಣ?’

ಅವನ ಮುಖ ಬಿಸಿಯಾಯಿತು. ತಪ್ಪಾಯ್ತು. ಹುಟ್ಟಿದಾಗಿನಿಂದ ಎಲ್ಲರೂ ಆಡುವ ಮಾತು; ಮಾಡಿದವನನ್ನು ಬಾಗಿಲ ಹಿಂದೆ ನಿಲ್ಲಿಸಿ ತಪ್ಪನ್ನಷ್ಟೇ ಮುಂದಕ್ಕೆ ಕಳಿಸುವ ಮಾತು. ಅಪ್ಪನ ಗಡಿಯಾರ ಬಿದ್ದೋಯ್ತು ಎಂದಿದ್ದ, ಆಸ್ಪತ್ರೆಯಲ್ಲಿ ಚೀಟಿ ಕಳೆದುಹೋಯ್ತು ಎಂದಿದ್ದ. ಧ್ವನಿಯನ್ನು ಅಲ್ಲೇ ಅಳಿಸಿದ, ಇನ್ನೂ ಕಳಿಸಿರದಿದ್ದರಿಂದ ಯಾವ ಗೆರೆಯೂ ಉಳಿಯಲಿಲ್ಲ. ಮತ್ತೆ ದಂಡೆಗೆ ಹೋಗುವ ಧೈರ್ಯವಾಗದೆ, ಆಕೆಯ ಮುಂದೆಯೇ, ಕತ್ತರಿ ಮತ್ತು ಸೀಮೆಸುಣ್ಣದ ಮೇಜಿನ ಮೇಲೆ ಒಂದು ಕೈಯೂರಿ ಒತ್ತಿದ.

‘ನಾನು. ಸೋಮವಾರ ಟೈಲರ್ ಅಕ್ಕನಿಗೆ ಮೇವು ಹಾಕಿ ಅಂದಿದ್ದು ನಾನು. ಅದಕ್ಕೇ ಅವರ ಮೀನು ಸತ್ತವು. ಆ ಸಂದೇಶ ಅಳಿಸಿದ್ದು ನಾನು. ಆಮೇಲೆ ಅವರದೇ ತಪ್ಪು ಅನ್ನೋ ಹಾಗೆ ಪಾಠ ಮಾಡಿದ್ದೂ ನಾನು. ಡಾಕ್ಟರ ಸಲಹೆ ಅಂತ ಬೇರೆ ಕಡೆ ಓಡಾಡ್ತಿರೋ ದನಿ ನನ್ದೇ, ಕಂಪ್ಯೂಟರ್‌ದಲ್ಲ. ನಾಳೆ ಬೆಳಿಗ್ಗೆ ಮೀನು ಬಾಯಿ ಬಿಟ್ರೆ ಮೇವು ಹಾಕ್ಬೇಡಿ, ಚಪ್ಪಾಳೆ ತಟ್ಟಿ, ಮುಳುಗದೇ ಇದ್ರೆ ನೀರು ಬಿಡಿ. ಇನ್ಮೇಲೆ ಹಸಿರು ಗುರುತು ಇಲ್ಲ. ಯಾರಿಗೆ ಏನು ಗೊತ್ತಿದ್ರೂ ಹೇಳಿ.’ ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಬಿಚ್ಚತೊಡಗಿದ ಬಾಯಿ ನಿಲ್ಲಲಿಲ್ಲ. ‘ನಾನು ಅಕ್ಕನ ಸಂದೇಶ ಪೂರ್ತಿ ಕೇಳಲಿಲ್ಲ. ಅರ್ಧಕ್ಕೇ ನಿಲ್ಲಿಸಿ ಉತ್ತರ ಕೊಟ್ಟೆ,’ ಎಂದು ಬೆರಳು ಬಿಟ್ಟ. ಹೋಯಿತು. ಎರಡು ಗುರುತು ಬಿದ್ದವು.

ತಲೆಯೆತ್ತಿದಾಗ ಅಕ್ಕ ಅವನನ್ನೇ ನೋಡುತ್ತಿದ್ದಳು. ಇಷ್ಟು ಹೊತ್ತೂ ಇರದಿದ್ದ ಏನೋ ಆ ಮುಖದಲ್ಲಿ ಬಂದಿತ್ತು.

‘ಪೂರ್ತಿ ಕೇಳ್ಲಿಲ್ವಾ?’

ಅವನು ಮೇಜಿನ ಮೇಲಿನ ಸೀಮೆಸುಣ್ಣವನ್ನು ನೋಡಿದ.

‘ಪೂರ್ತಿ ಕೇಳಿಯೇ ತಪ್ಪಾಗಿ ತಿಳ್ಕೊಂಡ್ರಿ ಅಂದ್ಕೊಂಡಿದ್ದೆ ಅಣ್ಣ. ತಪ್ಪು ಯಾರು ತಿಳ್ಕೊಳ್ಳಲ್ಲ, ನಂದೂ ಎಷ್ಟು ಅಂಗಿ ಕೆಟ್ಟಿಲ್ಲ.’ ಆಕೆ ಮಿಷನ್ ಕಡೆ ತಿರುಗಿದಳು. ದಾರ ಸೂಜಿಯಿಂದ ಜಾರಿತ್ತು. ಅದನ್ನು ಪೋಣಿಸಲು ಒಮ್ಮೆ ನೋಡಿದಳು, ಆಗಲಿಲ್ಲ, ತುದಿಯನ್ನು ಬಾಯಲ್ಲಿ ಒದ್ದೆ ಮಾಡಿಕೊಂಡು ಇನ್ನೊಮ್ಮೆ ನೋಡಿದಳು. ‘ಈಗಲಾದ್ರೂ ಕೇಳಿ,’ ಎಂದಳು, ಅವನ ಕಡೆ ನೋಡದೆ.

ಅವನು ಹಿಂಬಾಗಿಲಿನ ಮೆಟ್ಟಿಲ ಮೇಲೆ ಕೂತ. ಮಡಿಸಿದ ಅಂಚಿನ ಸೂಜಿಯೊಂದು ಪಾದದ ಗಂಟಿಗೆ ತಾಗುತ್ತಿತ್ತು. ಕೈಯಲ್ಲಿ ಫೋನು ಗುಂಯ್ ಗುಂಯ್ ಎನ್ನುತ್ತಿತ್ತು, ಗುಂಪಿನಲ್ಲಿ ಒಬ್ಬರ ಮೇಲೊಬ್ಬರು ಏನೇನೋ ಬರೆಯುತ್ತಿದ್ದರು. ಅವುಗಳ ನಡುವೆ ಯಾರಾದರೂ ಪರವಾಗಿಲ್ಲ ಬಿಡಿ ಡಾಕ್ಟರೇ ಎಂದಿರಬಹುದೇ ಎಂದು ಕಣ್ಣು ಹುಡುಕಿತು. ಈಗಲೂ, ಇಷ್ಟಾದ ಮೇಲೂ, ಹುಡುಕಿತು. ಅವನು ಎಲ್ಲವನ್ನೂ ಹಿಂದಕ್ಕೆ ಸರಿಸಿ ಸೋಮವಾರಕ್ಕೆ ಹೋದ. ವೇಗವನ್ನು ಎರಡರಿಂದ ಒಂದಕ್ಕೆ ಇಳಿಸಿ ಒತ್ತಿದ. ಚೆನ್ನಾಗಿದೀರಾ ಅಣ್ಣ. ಮನೇಲಿ ಅಕ್ಕ ಹುಷಾರಾಗಿದಾರಾ, ಮೊನ್ನೆ ಮಂಡಿ ನೋವು ಅಂದಿದ್ರು. ಆಕೆಯ ಮಾತಿನ ಹಿಂದೆ ನೀರಿನ ಮೇಲಿನ ಪುಳಕ್ ಪುಳಕ್ ಸದ್ದು ಕೇಳಿಸುತ್ತಿತ್ತು, ನೂರಾರು ಬಾಯಿಗಳು. ಎರಡರ ವೇಗದಲ್ಲಿ ಅದು ಬರೀ ಗರಗರ ಎಂದಿತ್ತು. ನಿನ್ನೆ ಪೂರ್ತಿ ಮೋಡ ಅಣ್ಣ. ಮೀನೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡ್ತಾ ಇವೆ ಅಣ್ಣ. ಅವನು ನಿಲ್ಲಿಸಿದ್ದ ಜಾಗ ದಾಟಿತು. ‘ನೀವು ಹೇಳಿದ ಹಾಗೆ ಚಪ್ಪಾಳೆ ತಟ್ಟಿದೆ, ಒಂದೂ ಮುಳುಗ್ತಿಲ್ಲ. ಉಸಿರೇ ಇರ್ಬೇಕು ಅಲ್ವಾ? ಸಂಜೆಯಿಂದ ಕರೆಂಟ್ ಇರಲಿಲ್ಲ, ಈಗ ಬಂತು. ಪೈಪು ಕೈಯಲ್ಲೇ ಹಿಡ್ಕೊಂಡು ನಿಂತಿದೀನಿ. ನಿಮ್ಮನ್ನ ಒಂದು ಮಾತು ಕೇಳಿ ಬಿಡೋಣ ಅಂತ ಅಷ್ಟೆ. ನೀರು ಬಿಡ್ಲಾ ಅಣ್ಣ?’

ಒಂದು ನಿಮಿಷ ಎಂಟು ಸೆಕೆಂಡು ಮುಗಿಯಿತು. ಮುಂದೆ ಬಿಳಿ ಸುಣ್ಣದ ಗುಂಡಿ, ಅದರ ಅಂಚಿನಲ್ಲಿ ಸುರುಳಿ ಬಿಚ್ಚಿದ ಪೈಪು ಬಿದ್ದಲ್ಲೇ ಬಿದ್ದಿತ್ತು.

‘ಬಿಡಿ ಅಕ್ಕಾ,’ ಎಂದ.

ಒಳಗೆ ಮಿಷನ್ ಓಡುತ್ತಿತ್ತು. ಆಕೆಗೆ ಕೇಳಿಸಲಿಲ್ಲ.